ಚರಂಡಿ ಮೊದಲು, ಕಲ್ಲುಹಾಸು ಆಮೇಲೆ: ಮಡಿಕೇರಿ ಪೇಟೆಯ ಫುಟ್‌ಪಾತ್, ಒಂದು ಪ್ರಕರಣ ಅಧ್ಯಯನ

ಮಡಿಕೇರಿ ಪೇಟೆಯಲ್ಲಿ ಜನ ಫುಟ್‌ಪಾತ್ ಬಿಟ್ಟು ರಸ್ತೆಗಿಳಿದು ನಡೆಯುತ್ತಾರೆ. ಯಾಕೆ ಎಂದು ಕೇಳಿದರೆ ಸಿಗುವ ಉತ್ತರ ಎರಡು: ರಸ್ತೆ ಕಿರಿದು, ವಾಹನ ಜಾಸ್ತಿ. ಎರಡೂ ನಿಜವೇ. ಆದರೆ ಈ ಊರಿನ ಮಟ್ಟಿಗೆ ಇವೆರಡಕ್ಕೂ ಮೊದಲು ಬರುವುದು ನೀರು. ವರ್ಷಕ್ಕೆ ಸರಾಸರಿ 3,000 ಮಿ.ಮೀ. ದಾಟುವ ಮಳೆ, ಅದರಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೆಂಗಳೂರಿಗೆ ಇಡೀ ವರ್ಷ ಬೀಳುವಷ್ಟು. ಊರು ಕೂತಿರುವುದು ಸುಮಾರು 1,150 ಮೀಟರ್ ಎತ್ತರದ ಗುಡ್ಡದ ಏರಿಳಿತಗಳ ಮೇಲೆ. ಹೀಗಾಗಿ ಇಲ್ಲಿ ಫುಟ್‌ಪಾತ್ ಎಂಬುದು ಬಹುಪಾಲು ಕಡೆ ಚರಂಡಿಯ ಮುಚ್ಚಳವೇ. ಮುಚ್ಚಳ ಒಡೆದರೆ, ಅಲುಗಾಡಿದರೆ, ಕೆಳಗಿನ ನೀರು ಮೇಲೆ ಬಂದರೆ ಅಲ್ಲಿ ನಡೆಯುವ ದಾರಿಯೇ ಇಲ್ಲ. ಬೆಂಗಳೂರು, ಮೈಸೂರಿನ ಮಾದರಿ ಹಿಡಿದು ಚೆಂದದ ಟೈಲ್ಸ್ ಹಾಕುವ ಯೋಜನೆಗಳು ಇಂಥ ಊರಲ್ಲಿ ಎರಡು ಮಳೆಗಾಲದಲ್ಲಿ ಕೆಡುವುದಕ್ಕೆ ಮೂಲ ಕಾರಣ ಇದು.

ಈ ಅಧ್ಯಯನ ನೋಡುವುದು ಪೇಟೆಯ ನಡುಭಾಗವನ್ನು ಮಾತ್ರ: ಜನರಲ್ ತಿಮ್ಮಯ್ಯ ವೃತ್ತ, ಇಂದಿರಾಗಾಂಧಿ ವೃತ್ತ ಅಂದರೆ ಚೌಕಿ, ಕಾಲೇಜು ರಸ್ತೆ, ಮಹದೇವಪೇಟೆ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 33,381. ಆದರೆ ಈ ಬೀದಿಗಳನ್ನು ತುಳಿಯುವವರು ಅವರಷ್ಟೇ ಅಲ್ಲ. ಜಿಲ್ಲಾಕೇಂದ್ರದ ಕಚೇರಿಗಳಿಗೂ ಆಸ್ಪತ್ರೆಗೂ ಬರುವ ಹಳ್ಳಿಯವರು, ಶುಕ್ರವಾರದ ಸಂತೆಗೆ ತೋಟದ ಲೈನ್‌ಮನೆಗಳಿಂದ ಬರುವ ಕಾರ್ಮಿಕರು, ರಜೆಯ ದಿನಗಳಲ್ಲಿ ರಾಜಾಸೀಟು ನೋಡಲು ಬರುವ ಪ್ರವಾಸಿಗರು, ಎಲ್ಲರೂ ಬಸ್ಸು ಕಾರು ಇಳಿದ ಮೇಲೆ ನಡೆಯುವವರೇ.

ಮೊದಲು ಗುರುತಿಸಬೇಕಾದ್ದು: ಜನ ಕೆಳಗಿಳಿಯುವ ಜಾಗ

ಎಷ್ಟು ಜನ ನಡೆಯುತ್ತಾರೆ ಎಂಬ ಎಣಿಕೆಗಿಂತ, ಎಲ್ಲಿ ಫುಟ್‌ಪಾತಿನಿಂದ ರಸ್ತೆಗೆ ಇಳಿಯುತ್ತಾರೆ ಎಂಬ ಗುರುತು ಹೆಚ್ಚು ಕೆಲಸಕ್ಕೆ ಬರುತ್ತದೆ. ಬೀದಿಯನ್ನು 20 ಮೀಟರಿನ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ಒಬ್ಬರು ಹದಿನೈದು ನಿಮಿಷ ನಿಂತು, ಇಳಿದವರೊಬ್ಬೊಬ್ಬರ ಕಾರಣವನ್ನೂ ಐದರಲ್ಲಿ ಒಂದಾಗಿ ಬರೆದುಕೊಳ್ಳಬೇಕು: ಸ್ಲ್ಯಾಬ್ ಒಡೆದದ್ದು, ನೀರು ಅಥವಾ ಕೆಸರು, ನಿಂತ ಗಾಡಿ, ಅಂಗಡಿ ಸಾಮಾನು, ಅಗಲ ಸಾಲದೇ ಇದ್ದದ್ದು. ಇದನ್ನು ಮೂರು ಬೇರೆ ದಿನ ಮಾಡಬೇಕು. ಶುಕ್ರವಾರ ಬೆಳಿಗ್ಗೆ 10ರಿಂದ 12, ಸಂತೆಯಿಲ್ಲದ ಒಂದು ವಾರದ ದಿನ, ಪ್ರವಾಸಿಗರ ಒಂದು ಶನಿವಾರ. ಸಾಧ್ಯವಾದರೆ ಒಂದು ಸುತ್ತು ಜೋರು ಮಳೆಯಲ್ಲೇ ಆಗಬೇಕು. ಬೇಸಿಗೆಯಲ್ಲಿ ಮಾಡಿದ ನಕ್ಷೆಯಲ್ಲಿ ನೀರಿನ ಕಾಲಂ ಖಾಲಿ ಬರುತ್ತದೆ. ಅದನ್ನು ನಂಬಿ ಅಂದಾಜುಪಟ್ಟಿ ಮಾಡಿದರೆ ಹಣವೆಲ್ಲ ಟೈಲ್ಸಿಗೆ ಹೋಗುತ್ತದೆ.

ಸಾಮಾನ್ಯವಾಗಿ ಹೀಗೆ ಗುರುತಿಸಿದಾಗ ತೊಂದರೆ ಬೀದಿಯುದ್ದಕ್ಕೂ ಹರಡಿರುವುದಿಲ್ಲ, ಕೆಲವೇ ಜಾಗಗಳಲ್ಲಿ ಗುಂಪುಗೂಡಿರುತ್ತದೆ. ಒಂದು ಟ್ರಾನ್ಸ್‌ಫಾರ್ಮರ್ ಕಟ್ಟೆ, ಒಂದು ಕುಸಿದ ಸ್ಲ್ಯಾಬ್, ಮುಂದೆ ಚಾಚಿದ ಒಂದು ಮೆಟ್ಟಿಲು. ಒಮ್ಮೆ ಕೆಳಗಿಳಿದವರು ಮತ್ತೆ ತಕ್ಷಣ ಹತ್ತುವುದಿಲ್ಲ, ಮುಂದಿನ ಐವತ್ತು ಮೀಟರ್ ರಸ್ತೆಯಲ್ಲೇ ಹೋಗುತ್ತಾರೆ. ಹಾಗಾಗಿ ಒಂದು ಅಡ್ಡಿ ತೆಗೆದರೆ ಸಿಗುವ ಲಾಭ ಆ ಒಂದು ಮೀಟರಿನದ್ದಲ್ಲ, ಇಡೀ ತುಂಡಿನದ್ದು.

ನೀರಿನ ಲೆಕ್ಕ

ಚರಂಡಿ ಸಣ್ಣದಾಯಿತು, ದೊಡ್ಡದು ಮಾಡಬೇಕು ಎಂಬ ಮಾತು ಪ್ರತಿ ಮಳೆಗಾಲದಲ್ಲೂ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡೋಣ. ರಸ್ತೆ ಮತ್ತು ಎರಡೂ ಕಡೆಯ ಮಾಡುಗಳು ಸೇರಿ 20 ಮೀಟರ್ ಅಗಲ ಎಂದಿಟ್ಟುಕೊಂಡರೆ 100 ಮೀಟರ್ ಬೀದಿಗೆ 2,000 ಚದರ ಮೀಟರ್. ಗಂಟೆಗೆ 80 ಮಿ.ಮೀ. ಬಡಿಯುವ ಮಳೆಯಲ್ಲಿ, ಹತ್ತರಲ್ಲಿ ಒಂಬತ್ತು ಪಾಲು ಹರಿದು ಬಂದರೆ, ಸೆಕೆಂಡಿಗೆ ಸುಮಾರು 40 ಲೀಟರ್ ನೀರು. ಒಳ ಅಗಲ 450 ಮಿ.ಮೀ. ಇರುವ ಕಾಂಕ್ರೀಟ್ ಚರಂಡಿ, 50ಕ್ಕೆ 1 ಇಳಿಜಾರಿನಲ್ಲಿ (ಅಂದರೆ 50 ಮೀಟರಿಗೆ 1 ಮೀಟರ್ ಇಳಿತ), 300 ಮಿ.ಮೀ. ಆಳ ತುಂಬಿ ಹರಿದರೆ ಒಯ್ಯುವುದು ಸೆಕೆಂಡಿಗೆ ಸುಮಾರು 320 ಲೀಟರ್. ಅಂದರೆ ಅಂಥ ಎಂಟು ತುಂಡುಗಳ ನೀರನ್ನು ಅದೊಂದೇ ತಾಳಿಕೊಳ್ಳುತ್ತದೆ. ಗುಡ್ಡದ ಊರಲ್ಲಿ ಇಳಿಜಾರು ನಮ್ಮ ಪರವಾಗಿಯೇ ಇದೆ.

ಹಾಗಿದ್ದರೆ ನೀರು ರಸ್ತೆ ಮೇಲೆ ಹರಿಯುವುದೇಕೆ? ಚರಂಡಿಯೊಳಗೆ ಹೋಗಲು ಅದಕ್ಕೆ ಬಾಯಿ ಇಲ್ಲ. ಸ್ಲ್ಯಾಬಿನಲ್ಲಿ ಬಿಟ್ಟ 50 ಮಿ.ಮೀ. ತೂತು ಒಂದು ಪ್ಲಾಸ್ಟಿಕ್ ಕವರಿಗೋ ನಾಲ್ಕು ಎಲೆಗೋ ಮುಚ್ಚಿಹೋಗುತ್ತದೆ. ಇಳಿಜಾರಿನಲ್ಲಿ ವೇಗವಾಗಿ ಬರುವ ನೀರು ಸಣ್ಣ ತೂತಿನ ಮೇಲೆ ಹಾರಿಕೊಂಡೇ ಹೋಗುತ್ತದೆ. ಇಲ್ಲಿ ಬೇಕಾದ್ದು ಫುಟ್‌ಪಾತಿನ ರಸ್ತೆ ಬದಿಯ ಅಂಚುಕಲ್ಲಿನ ಮುಖದಲ್ಲಿ ಅಡ್ಡಬಾಯಿ: 600 ಮಿ.ಮೀ. ಉದ್ದ, 100 ಮಿ.ಮೀ. ಎತ್ತರ, ಏರಿನಲ್ಲಿ ಪ್ರತಿ 10 ಮೀಟರಿಗೆ ಒಂದು. ಬಾಯಿಯ ಮುಂದೆ ರಸ್ತೆಯಂಚು 25ರಿಂದ 30 ಮಿ.ಮೀ. ತಗ್ಗಾಗಿದ್ದರೆ ನೀರು ತಿರುಗಿಕೊಂಡು ಒಳಹೋಗುತ್ತದೆ. ಒಳಗಡೆ ಪ್ರತಿ 15 ಮೀಟರಿಗೆ 600 ಮಿ.ಮೀ. ಚೌಕದ ಹೂಳುಗುಂಡಿ, ಚರಂಡಿಯ ತಳಕ್ಕಿಂತ 300 ಮಿ.ಮೀ. ಆಳ, ಮಣ್ಣು ಮರಳು ಅಲ್ಲೇ ಕೂರುತ್ತದೆ, ತೆಗೆಯುವವರಿಗೂ ಒಂದೇ ಜಾಗ ಸಿಗುತ್ತದೆ. ಕಬ್ಬಿಣದ ಜಾಲರಿ ಹಾಕಲೇಬೇಕಾದ ಕಡೆ ಸಂದು 12 ಮಿ.ಮೀ.ಗಿಂತ ಹೆಚ್ಚಿರಬಾರದು, ಪಟ್ಟಿಗಳು ನಡೆಯುವ ದಿಕ್ಕಿಗೆ ಅಡ್ಡವಾಗಿರಬೇಕು. ಇಲ್ಲವಾದರೆ ಊರುಗೋಲಿನ ತುದಿ, ಗಾಲಿಕುರ್ಚಿಯ ಮುಂದಿನ ಚಕ್ರ ಸಿಕ್ಕಿಕೊಳ್ಳುತ್ತವೆ.

ಇನ್ನೊಂದು ನೀರು ಮೇಲಿನಿಂದ ಬರುತ್ತದೆ. ಅಂಗಡಿಗಳ ಮುಂದೆ ಇಳಿಬಿಟ್ಟ ತಗಡಿನ ಶೀಟು ಇಡೀ ಮಾಡಿನ ನೀರನ್ನು ಫುಟ್‌ಪಾತಿನ ನಡುವೆ ಪರದೆಯಂತೆ ಸುರಿಯುತ್ತದೆ. ಕೊಡೆ ಹಿಡಿದವರೂ ಅದನ್ನು ತಪ್ಪಿಸಿಕೊಳ್ಳಲು ರಸ್ತೆಗೇ ಇಳಿಯುತ್ತಾರೆ. ಸೂರಿನಂಚಿಗೆ ತಗಡಿನ ದೋಣಿ, ಅದರಿಂದ ಗೋಡೆಗುಂಟ 110 ಮಿ.ಮೀ. ಪಿವಿಸಿ ಪೈಪು ನೇರ ಚರಂಡಿಯೊಳಕ್ಕೆ. ಕೆಲಸ ಸಣ್ಣದು, ಖರ್ಚೂ ಸಣ್ಣದು. ಆದರೆ ಫುಟ್‌ಪಾತಿನ ಅಂದಾಜುಪಟ್ಟಿಯಲ್ಲಿ ಇದು ಯಾವತ್ತೂ ಇರುವುದಿಲ್ಲ, ಯಾಕೆಂದರೆ ಮಾಡು ಖಾಸಗಿ, ಫುಟ್‌ಪಾತ್ ಸಾರ್ವಜನಿಕ. ಪಟ್ಟಿಯಲ್ಲಿ ಸೇರಿಸಿ ನಗರಸಭೆಯೇ ಮಾಡಿಕೊಡುವುದು ಉತ್ತಮ. ಅಂಗಡಿಯವರೊಬ್ಬೊಬ್ಬರಿಗೂ ನೋಟಿಸು ಕೊಟ್ಟು ಕಾಯುವುದರೊಳಗೆ ಮಳೆಗಾಲ ಬಂದಿರುತ್ತದೆ.

ಸ್ಲ್ಯಾಬ್ ಯಾಕೆ ಒಡೆಯುತ್ತದೆ

ಸ್ಲ್ಯಾಬುಗಳು ಗಾಡಿ ಹತ್ತಿ ಮಾತ್ರವಲ್ಲ, ಹೂಳೆತ್ತುವಾಗಲೂ ಒಡೆಯುತ್ತವೆ, ಮತ್ತು ಅದಕ್ಕೆ ಕಾರಣ ತೂಕ. 600 ಮಿ.ಮೀ. ಚರಂಡಿಗೆ ಎರಡೂ ಕಡೆ 75 ಮಿ.ಮೀ. ಕೂರಿಕೆ ಸೇರಿ ಸ್ಲ್ಯಾಬಿನ ಉದ್ದ 750 ಮಿ.ಮೀ. ದಪ್ಪ 100, ಅಗಲ 600 ಇಟ್ಟರೆ ತೂಕ 112 ಕೆಜಿ ದಾಟುತ್ತದೆ. ಅದನ್ನು ಎತ್ತಲಾಗದೆ ಕೆಲಸದವರು ಹಾರೆ ಹಾಕಿ ಮೀಟುತ್ತಾರೆ. ಮೂಲೆ ಮುರಿಯುತ್ತದೆ, ಚರಂಡಿಯ ಗೋಡೆಯ ತಲೆ ಉದುರುತ್ತದೆ, ವಾಪಸು ಇಟ್ಟಾಗ ಸ್ಲ್ಯಾಬ್ ಅಲುಗಾಡುತ್ತದೆ. ಅಗಲವನ್ನು 300 ಮಿ.ಮೀ.ಗೆ ಇಳಿಸಿದರೆ ತೂಕ 56 ಕೆಜಿ. ಇಬ್ಬರು ಕೊಕ್ಕೆ ಹಾಕಿ ಎತ್ತಬಹುದು. ಕೊಕ್ಕೆ ಸಿಕ್ಕಿಸುವ ಕಂಬಿ ಸ್ಲ್ಯಾಬಿನ ಮೈಮೇಲೆ ಎದ್ದಿರಬಾರದು, ಕಾಲಿಗೆ ತಾಗುತ್ತದೆ; 60 ಮಿ.ಮೀ. ಅಗಲದ ಗುಳಿ ಬಿಟ್ಟು, ಅದರೊಳಗೆ 12 ಮಿ.ಮೀ. ಕಂಬಿಯನ್ನು ಅಡ್ಡ ಹಾಕಬೇಕು.

ಇನ್ನೊಂದು ತಪ್ಪು ಎರಕ ಹೊಯ್ಯುವಾಗ ಆಗುತ್ತದೆ. ಕಂಬಿಯ ಬಲೆ ಸ್ಲ್ಯಾಬಿನ ಕೆಳಮುಖಕ್ಕೆ 25 ಮಿ.ಮೀ. ಒಳಗೆ ಇರಬೇಕು, ಯಾಕೆಂದರೆ ಭಾರ ಬಿದ್ದಾಗ ಎಳೆತ ಇರುವುದು ಕೆಳಗಡೆ. ಅಚ್ಚಿನಲ್ಲಿ ಬಲೆ ತೇಲಿ ಮೇಲೆ ಬಂದರೆ, ಅಥವಾ ಸ್ಲ್ಯಾಬನ್ನು ಮಗುಚಿ ಹಾಸಿದರೆ, ಕಂಬಿ ಇದ್ದೂ ಇಲ್ಲದ ಹಾಗೆ. ಅದಕ್ಕೆ ಎರಕದ ದಿನವೇ ಮೇಲ್ಮುಖದಲ್ಲಿ ಪೊರಕೆಯ ಗೀರು ಎಳೆದು ಬಿಡಬೇಕು: ಜಾರುವುದೂ ತಪ್ಪುತ್ತದೆ, ಯಾವ ಮುಖ ಮೇಲೆ ಎಂಬುದೂ ಗೊತ್ತಾಗುತ್ತದೆ. ಅಂಗಡಿ, ಗ್ಯಾರೇಜುಗಳ ಮುಂದೆ ವಾಹನ ದಾಟುವ ಕಡೆ ದಪ್ಪ 150 ಮಿ.ಮೀ. ಇರಬೇಕು, ಕಂಬಿಯನ್ನು ಬೇರೆಯಾಗಿಯೇ ವಿನ್ಯಾಸ ಮಾಡಿಸಬೇಕು. ಪ್ರತಿ ನೂರು ಸ್ಲ್ಯಾಬಿಗೆ ಐದಾದರೂ ಹೆಚ್ಚುವರಿ ಎರಕ ಹೊಯ್ದು ನಗರಸಭೆಯ ಗೋದಾಮಿನಲ್ಲಿ ಇಟ್ಟಿರಬೇಕು. ಒಡೆದ ಒಂದು ಸ್ಲ್ಯಾಬಿಗೆ ಟೆಂಡರ್ ಕರೆಯಲು ಆಗದು ಎಂಬ ಕಾರಣಕ್ಕೆ ಅದರ ಮೇಲೆ ಮರದ ಕೊಂಬೆ ನೆಟ್ಟು ತಿಂಗಳುಗಟ್ಟಲೆ ಬಿಡುವುದು ಎಲ್ಲ ಊರುಗಳಲ್ಲೂ ಕಾಣುವ ದೃಶ್ಯ.

ಅಗಲ: ಕೊಡೆ ಹಿಡಿದ ಇಬ್ಬರು

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 103 ಮಾರ್ಗಸೂಚಿ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಅಗಲ, 2.2 ಮೀಟರ್ ಅಡ್ಡಿಯಿಲ್ಲದ ಎತ್ತರ ಕೇಳುತ್ತದೆ. ಅಂಚುಕಲ್ಲಿನ ಎತ್ತರ 150 ಮಿ.ಮೀ. ಮೀರಬಾರದು ಎನ್ನುತ್ತದೆ. 1.8 ಮೀಟರ್ ಎಂದರೆ ಎರಡು ಗಾಲಿಕುರ್ಚಿ ಎದುರುಬದುರು ದಾಟುವಷ್ಟು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಕೊಡೆ ಇರುತ್ತದೆ. ಬಿಚ್ಚಿದ ಕೊಡೆ ಸುಮಾರು ಒಂದು ಮೀಟರ್. ಇಬ್ಬರು ಎದುರಾದರೆ ಒಬ್ಬರು ಕೊಡೆ ಓರೆ ಮಾಡಬೇಕು, ಇಲ್ಲವೇ ಕೆಳಗಿಳಿಯಬೇಕು. ಇಳಿಯುವವರು ಸಾಮಾನ್ಯವಾಗಿ ಚಿಕ್ಕವರು ಅಥವಾ ಹೊರೆ ಹೊತ್ತವರು. ಹಾಗಾಗಿ ಈ ಊರಿಗೆ 1.8 ಕನಿಷ್ಠ, 2.2 ಮೀಟರ್ ಸರಿಯಾದ ಗುರಿ ಎಂಬುದು ನಮ್ಮ ಅಭಿಪ್ರಾಯ.

ಆ ಜಾಗ ಎಲ್ಲಿಂದ ಬರುತ್ತದೆ? ಗೋಡೆಯಿಂದ ಗೋಡೆಗೆ 8 ಮೀಟರ್ ಸಿಗುವ ಬೀದಿಯನ್ನು ಏಕಮುಖ ಮಾಡಿದರೆ ವಾಹನಕ್ಕೆ 3.5 ಮೀಟರ್ ಸಾಕು. ಅಗ್ನಿಶಾಮಕದ ವಾಹನವೂ ಹೋಗುತ್ತದೆ. ಉಳಿದದ್ದು 4.5 ಮೀಟರ್, ಎರಡೂ ಕಡೆ 2.25. ಕಾರು ನಿಲ್ಲಿಸಲು ಇಲ್ಲಿ ಜಾಗವಿಲ್ಲ, ಇದನ್ನು ನೇರವಾಗಿ ಹೇಳಿಯೇ ಬಿಡಬೇಕು. 10 ಮೀಟರ್ ಸಿಗುವ ಕಡೆ ದ್ವಿಮುಖ ಸಂಚಾರಕ್ಕೆ 5.5 ಕೊಟ್ಟರೂ ಎರಡೂ ಬದಿಗೆ ಅಷ್ಟೇ 2.25 ಉಳಿಯುತ್ತದೆ. ಒಂದು ಕಡೆ ಪಾರ್ಕಿಂಗ್ ಬೇಕೆಂದರೆ 2 ಮೀಟರ್ ಹೋಗಿ, ಎರಡರಲ್ಲಿ ಒಂದು ಫುಟ್‌ಪಾತ್ ಇಲ್ಲವಾಗುತ್ತದೆ. ಬೆಳಿಗ್ಗೆ ನಿಂತ ಕಾರು ಸಂಜೆಯವರೆಗೆ ಅಲ್ಲೇ ಇದ್ದರೆ ಆ ಜಾಗದಿಂದ ಅಂಗಡಿಗೆ ಸಿಕ್ಕಿದ್ದು ಒಬ್ಬ ಗಿರಾಕಿ, ಅದೂ ಎಷ್ಟೋ ಸಲ ಅಂಗಡಿಯವರದ್ದೇ ಕಾರು.

ಶಿಮ್ಲಾದ ಮಾಲ್ ರಸ್ತೆ, ಗ್ಯಾಂಗ್ಟಾಕಿನ ಎಂ.ಜಿ. ಮಾರ್ಗಗಳಲ್ಲಿ ವಾಹನವನ್ನೇ ಬಿಡುವುದಿಲ್ಲ, ಎರಡೂ ಗುಡ್ಡದ ಊರುಗಳು, ಎರಡೂ ಕಡೆ ವ್ಯಾಪಾರ ತುಂಬಿ ತುಳುಕುತ್ತದೆ. ಅದನ್ನು ಹಾಗೇ ಮಡಿಕೇರಿಗೆ ತರಲು ನಾವು ಹೇಳುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 275 ಊರೊಳಗೇ ಹಾದುಹೋಗುತ್ತದೆ, ಪೂರ್ತಿ ಮುಚ್ಚಿದ ಬೀದಿಯ ವಾಹನ ಇನ್ನೊಂದು ಕಿರಿದಾದ ಬೀದಿಗೆ ನುಗ್ಗುತ್ತದೆ. ಶುಕ್ರವಾರದ ಸಂತೆಯ ಹೊತ್ತಿಗೆ ಮಾತ್ರ ಮಾರುಕಟ್ಟೆಯ ಬದಿಯ ತುಂಡನ್ನು ಮುಚ್ಚುವುದು, ಸರಕು ಇಳಿಸುವುದನ್ನು ಬೆಳಿಗ್ಗೆ 9ರೊಳಗೆ ಮುಗಿಸುವುದು, ಇಷ್ಟು ಆಗುವಂಥದ್ದು.

ನೆಲಕ್ಕೆ ಏನು ಹಾಸಬೇಕು

ನುಣುಪಾದ ಗ್ರಾನೈಟ್, ಹೊಳಪಿನ ಪಾರ್ಕಿಂಗ್ ಟೈಲ್ಸ್ ಇಲ್ಲಿ ಅಪಾಯ. ಜುಲೈ ಹೊತ್ತಿಗೆ ಪಾಚಿ ಕಟ್ಟುತ್ತದೆ, ಇಳಿಜಾರಿನಲ್ಲಿ ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಒರಟು ಮುಖದ ಕಲ್ಲು, ಪೊರಕೆ ಗೀರಿನ ಕಾಂಕ್ರೀಟು, ಒಂದಕ್ಕೊಂದು ಕಚ್ಚಿ ಕೂರುವ ಇಂಟರ್‌ಲಾಕ್ ಬ್ಲಾಕು ಇವು ಮೂರೇ ಆಯ್ಕೆ. ಅಡ್ಡ ಇಳಿಜಾರು 50ಕ್ಕೆ 1 ಇರಬೇಕು. ಕಡಿಮೆಯಾದರೆ ನೀರು ನಿಲ್ಲುತ್ತದೆ, ಹೆಚ್ಚಾದರೆ ಗಾಲಿಕುರ್ಚಿ ರಸ್ತೆ ಕಡೆಗೆ ಎಳೆಯುತ್ತದೆ.

ಇಂಟರ್‌ಲಾಕ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಜಿಲ್ಲೆಯಲ್ಲಿ ಎಲ್ಲರೂ ಹಾಕುವುದು ಅದನ್ನೇ. ಸಮತಟ್ಟಾದ ಕುಶಾಲನಗರದಲ್ಲಿ ನಿಲ್ಲುವ ಹಾಸು ಮಡಿಕೇರಿಯ ಏರಿನಲ್ಲಿ ಕುಸಿಯುತ್ತದೆ. ಸಂದಿನಲ್ಲಿ ಇಳಿದ ನೀರು ಬ್ಲಾಕುಗಳ ಕೆಳಗೇ ಇಳಿಜಾರಿಗೆ ಹರಿಯುತ್ತಾ ಹಾಸಿದ ಮರಳನ್ನು ಹೊತ್ತೊಯ್ಯುತ್ತದೆ. ಮೇಲ್ಗಡೆ ಪೊಳ್ಳಾಗಿ ಕೂರುತ್ತದೆ, ಕೆಳಗಡೆ ಉಬ್ಬುತ್ತದೆ. ಇದಕ್ಕೆ ಮಾಡಬೇಕಾದ್ದು: ನುಣ್ಣನೆ ಮರಳಿನ ಬದಲು 2ರಿಂದ 6 ಮಿ.ಮೀ. ಜಲ್ಲಿ ಚೂರನ್ನು 30 ಮಿ.ಮೀ. ದಪ್ಪ ಹಾಸುವುದು, ಅದರ ಕೆಳಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಮತ್ತು ಪ್ರತಿ 6 ಮೀಟರಿಗೆ ಅಡ್ಡಲಾಗಿ 150 ಮಿ.ಮೀ. ಅಗಲ, 200 ಮಿ.ಮೀ. ಆಳದ ಕಾಂಕ್ರೀಟ್ ಬೀಮು. ಬೀಮಿನ ಬುಡದಲ್ಲಿ ನೀರು ಚರಂಡಿಗೆ ಇಳಿಯಲು ತೂತು ಇರಲೇಬೇಕು, ಇಲ್ಲವಾದರೆ ಅದೇ ಕಟ್ಟೆಯಾಗಿ ನೀರನ್ನು ತಡೆಯುತ್ತದೆ. ಬ್ಲಾಕು 60 ಮಿ.ಮೀ. ಸಾಕು, ವಾಹನ ಹತ್ತುವ ಕಡೆ 80. ಏರು 10ಕ್ಕೆ 1 ದಾಟಿದರೆ ಇಂಟರ್‌ಲಾಕ್ ಆಸೆ ಬಿಟ್ಟು ಗೀರು ಹಾಕಿದ ಕಾಂಕ್ರೀಟಿಗೆ ಹೋಗಬೇಕು, ಗೋಡೆ ಪಕ್ಕ 900 ಮಿ.ಮೀ. ಎತ್ತರದಲ್ಲಿ ಜಿಐ ಪೈಪಿನ ಕೈಹಿಡಿ ಕೊಡಬೇಕು.

ರಸ್ತೆಗೆ ಡಾಂಬರು ಹಾಕುವವರಿಗೂ ಇಲ್ಲಿ ಪಾಲಿದೆ. ಹಳೆಯದನ್ನು ಕೆರೆದು ತೆಗೆಯದೆ ಮೂರು ಸಲ 40 ಮಿ.ಮೀ. ಡಾಂಬರು ಬಿದ್ದರೆ 150 ಮಿ.ಮೀ. ಅಂಚುಕಲ್ಲಿನಲ್ಲಿ ಉಳಿಯುವುದು 30. ಆಗ ಬೈಕುಗಳು ಸಲೀಸಾಗಿ ಮೇಲೆ ಬರುತ್ತವೆ, ನೀರೂ ಬರುತ್ತದೆ. ನೀರು ಬಂತೆಂದು ಅಂಗಡಿಯವರು ಹೊಸ್ತಿಲು ಏರಿಸುತ್ತಾರೆ, ಏರಿಸಿದ ಹೊಸ್ತಿಲಿಗೆ ಮೆಟ್ಟಿಲು ಫುಟ್‌ಪಾತಿನ ಮೇಲೆ ಚಾಚುತ್ತದೆ. ಟೆಂಡರಿನಲ್ಲಿ "ಕೆರೆದು ಹಾಕುವುದು" ಎಂಬ ಒಂದು ಸಾಲು ಇದ್ದರೆ ಈ ಸರಪಣಿ ಶುರುವಾಗುವುದೇ ಇಲ್ಲ.

ಫುಟ್‌ಪಾತಿಗೆ ವಾಹನ ಬರದಂತೆ ನೆಡುವ ಗಿಡ್ಡ ಬೊಲ್ಲಾರ್ಡ್ ಕಂಬಗಳಿಂದ ಬೈಕು ನಿಲ್ಲುತ್ತದೆ ಎಂಬ ನಂಬಿಕೆ ಬೇಡ. ಗಾಲಿಕುರ್ಚಿ ಹೋಗುವಷ್ಟು ಸಂದು ಬಿಟ್ಟರೆ ಬೈಕೂ ಹೋಗುತ್ತದೆ. ಕಂಬ ತಡೆಯುವುದು ಕಾರನ್ನು. ಬೈಕನ್ನು ತಡೆಯುವುದು ಪೂರ್ತಿ ಎತ್ತರದ ಅಂಚುಕಲ್ಲು ಮತ್ತು ದಂಡ.

ದಾಟುವ ಕಡೆ

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು ಎನ್ನುತ್ತದೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ. ಹಲವು ರಸ್ತೆ ಕೂಡುವ ತಿಮ್ಮಯ್ಯ ವೃತ್ತದಂಥ ಕಡೆ ಮುಖ್ಯ ಕೆಲಸ ದಾಟುವ ದೂರವನ್ನು ಕಡಿಮೆ ಮಾಡುವುದು. ವಯಸ್ಸಾದವರು ಸೆಕೆಂಡಿಗೆ 0.8 ಮೀಟರ್ ನಡೆದರೆ 12 ಮೀಟರ್ ದಾಟಲು 15 ಸೆಕೆಂಡು. ನಡುವೆ 1.5 ಮೀಟರಿನ ತಂಗುಕಟ್ಟೆ ಇದ್ದರೆ ಒಂದು ಸಲಕ್ಕೆ ದಾಟಬೇಕಾದ್ದು ಐದು ಮೀಟರ್ ಚಿಲ್ಲರೆ, ನೋಡಬೇಕಾದ್ದು ಒಂದೇ ದಿಕ್ಕು. ಜೀಬ್ರಾ ಪಟ್ಟಿ ಜನ ಈಗಾಗಲೇ ದಾಟುವ ಸಾಲಿನಲ್ಲೇ ಇರಬೇಕು. ಹತ್ತು ಮೀಟರ್ ಆಚೆ ಹಾಕಿ ಬೇಲಿ ಕಟ್ಟಿದರೆ ಜನ ಬೇಲಿಯ ಹೊರಗೆ ರಸ್ತೆಯಲ್ಲಿ ನಡೆಯುತ್ತಾರೆ.

ಎತ್ತರಿಸಿದ ದಾಟುಹಾಸು, ಅಂದರೆ ರಸ್ತೆಯ ಮೇಲೆ ಉಬ್ಬಿಸಿ ಕಟ್ಟಿದ ದಾಟುವ ಜಾಗ, 100 ಮಿ.ಮೀ. ಎತ್ತರ, ಮೇಲೆ 3 ಮೀಟರ್ ಸಮತಟ್ಟು, ಎರಡೂ ಕಡೆ 15ಕ್ಕೆ 1ರ ಇಳಿಜಾರು. ಏರುರಸ್ತೆಯಲ್ಲಿ ಅದರ ಮೇಲ್ಬದಿಯಲ್ಲಿ ನೀರು ಕಟ್ಟೆ ಕಟ್ಟಿದಂತೆ ನಿಲ್ಲುತ್ತದೆ, ಆದ್ದರಿಂದ ಮೇಲ್ಬದಿಯಲ್ಲಿ ರಸ್ತೆಯಡ್ಡಕ್ಕೆ ಜಾಲರಿ ಮುಚ್ಚಿದ ಕಾಲುವೆ ಇಲ್ಲದೆ ಇದನ್ನು ಮಾಡಲೇಬಾರದು. ಹೆದ್ದಾರಿಯ ಭಾಗದಲ್ಲಿ ಹೆದ್ದಾರಿ ಇಲಾಖೆಯ ಒಪ್ಪಿಗೆ ಬೇಕು. ಮಂಜು ಮುಸುಕುವ ತಿಂಗಳುಗಳಲ್ಲಿ ಬರೀ ಬಣ್ಣದ ಪಟ್ಟಿ ಕಾಣದು: ಗಾಜಿನ ಮಣಿ ಮತ್ತು ಒರಟು ಕಣ ಬೆರೆಸಿ ಬಿಸಿಯಾಗಿ ಬಳಿಯುವ ಥರ್ಮೋಪ್ಲಾಸ್ಟಿಕ್ ಬಣ್ಣ, ವಾಹನ ಬರುವ ಬದಿಯಲ್ಲಿ ದಾಟುವ ಜಾಗಕ್ಕೆ ಸ್ವಲ್ಪ ಮೊದಲು ದೀಪದ ಕಂಬ, ಬೆಚ್ಚನೆ ಬಣ್ಣದ ಬೆಳಕು.

ಸಂತೆ ಮತ್ತು ದಸರಾ

ಬೀದಿ ವ್ಯಾಪಾರಿಗಳನ್ನು ಎಬ್ಬಿಸುವುದು ಪರಿಹಾರವಲ್ಲ, ಕಾನೂನೂ ಅದನ್ನು ಒಪ್ಪದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಸಮೀಕ್ಷೆ ಆಗಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪಾಲು ಶೇ. 40ಕ್ಕಿಂತ ಕಡಿಮೆಯಿರಬಾರದು. ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯೊಳಗೆ ಬರುತ್ತದೆ ಎಂದು 2025ರ ಮೇನಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಎರಡನ್ನೂ ಕೂಡಿಸುವುದು ಜಾಗದ ಹಂಚಿಕೆಯಲ್ಲಿ: ವ್ಯಾಪಾರಿಗೆ ರಸ್ತೆಯಂಚಿನ ಕಡೆ 1.2 ಮೀಟರ್ ಆಳ, ಅಂಗಡಿ ಗೋಡೆ ಕಡೆ ನಡೆಯುವವರಿಗೆ 1.8. ಅಷ್ಟು ಅಗಲ ಇಲ್ಲದ ಕಡೆ ಸಂತೆಯ ಹೊತ್ತು ರಸ್ತೆಯ ಒಂದು ಪಟ್ಟಿಯನ್ನೇ ಕೊಡಬೇಕು. ಮಳೆಗೆ ಕಟ್ಟುವ ಟಾರ್ಪಾಲಿನ ಹಗ್ಗ ಕುತ್ತಿಗೆಯ ಎತ್ತರಕ್ಕೆ ಬರುತ್ತದೆ, ಕೊಡೆಯಡಿ ತಲೆತಗ್ಗಿಸಿ ಬರುವವರಿಗೆ ಕಾಣುವುದಿಲ್ಲ. ನಗರಸಭೆಯೇ 2.5 ಮೀಟರ್ ಎತ್ತರದಲ್ಲಿ ಗೋಡೆಗೂ ಕಂಬಕ್ಕೂ ಕೊಂಡಿ ಹಾಕಿಸಿಕೊಟ್ಟರೆ ಹಗ್ಗ ತಾನಾಗಿ ಮೇಲೇರುತ್ತದೆ.

ದಸರಾವನ್ನು ಮರೆತು ಮಾಡಿದ ವಿನ್ಯಾಸ ಈ ಊರಿಗೆ ಒಗ್ಗದು. ನಾಲ್ಕು ಕರಗಗಳು ಈ ಬೀದಿಗಳಲ್ಲಿ ಸಾಗುತ್ತವೆ. ವಿಜಯದಶಮಿಯ ರಾತ್ರಿ ಟ್ರ್ಯಾಕ್ಟರುಗಳ ಮೇಲೆ ಕಟ್ಟಿದ ದಶಮಂಟಪಗಳು (ಹತ್ತು ದೇವಸ್ಥಾನಗಳ ಅಲಂಕೃತ ಮಂಟಪಗಳು), ಅವುಗಳ ಹಿಂದೆ ಜನರೇಟರು, ಸುತ್ತ ಸಾವಿರಾರು ಜನ. ಹಾಗಾಗಿ ತಿರುವುಗಳಲ್ಲಿ ಬೊಲ್ಲಾರ್ಡುಗಳು ತೆಗೆಯಬಲ್ಲವಾಗಿರಬೇಕು: ನೆಲದೊಳಗೆ 300 ಮಿ.ಮೀ. ಆಳದ ಕೊಳವೆ, ಬೀಗ, ತೆಗೆದಾಗ ಮುಚ್ಚಲು ತಟ್ಟೆ. ತಳದಲ್ಲಿ ನೀರು ಬಸಿಯದಿದ್ದರೆ ಕೊಳವೆ ತುಕ್ಕು ಹಿಡಿದು, ಬೇಕಾದ ದಿನ ಕಂಬ ಮೇಲೆ ಬರುವುದಿಲ್ಲ. ಮೆರವಣಿಗೆ ಹೋಗುವ ದಾರಿಯಲ್ಲಿ ದಾಟುಹಾಸಿನ ಇಳಿಜಾರನ್ನು 20ಕ್ಕೆ 1ಕ್ಕೆ ತಗ್ಗಿಸಬೇಕು, ಎತ್ತರದ ಮಂಟಪ ಓಲಾಡಬಾರದು. ದಶಮಂಟಪ ಸಮಿತಿಯವರೊಂದಿಗೆ ನಕ್ಷೆಯ ಹಂತದಲ್ಲೇ ಕೂತು ಮಾತಾಡಬೇಕು.

ಕೆಲಸದ ತಿಂಗಳುಗಳು

ದಸರಾ ಮುಗಿದ ಮೇಲೆ ನಾಲ್ಕು ವಾರ ಬಣ್ಣ, ಡ್ರಮ್ಮು, ಕೋನುಗಳಿಂದ ಪ್ರಯೋಗ ಮಾಡಿ, ಅದರಲ್ಲಿ ನಾಲ್ಕು ಶುಕ್ರವಾರ ಬರುವಂತೆ ನೋಡಿಕೊಳ್ಳಬೇಕು. ಲಾರಿ ತಿರುಗದ ಮೂಲೆ, ಆಟೋ ನಿಲ್ದಾಣದ ತಕರಾರು ಆಗಲೇ ಹೊರಬರುತ್ತವೆ, ಬದಲಿಸಲು ಖರ್ಚಿಲ್ಲ. ಸ್ಲ್ಯಾಬಿನ ಎರಕ ಈ ಹೊತ್ತಿಗೇ ಬೇರೆ ಕಡೆ ನಡೆಯುತ್ತಿರಬೇಕು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಚರಂಡಿ, ನೀರಿನ ಪೈಪು, ವಿದ್ಯುತ್ ನಿಗಮ ಸೆಸ್ಕ್‌ನ ಕೇಬಲ್ಲು. ಪ್ರತಿ 30 ಮೀಟರಿಗೆ ರಸ್ತೆಯಡ್ಡಕ್ಕೆ ಎರಡು ಖಾಲಿ ಕೊಳವೆ ಹೂತಿಟ್ಟರೆ ಮುಂದೆ ಅಗೆಯುವ ಅಗತ್ಯ ಬೀಳದು. ಇದು ಕಾಫಿ ಕೊಯ್ಲಿನ ಕಾಲವೂ ಹೌದು, ಸಂತೆಯಲ್ಲಿ ಜನ ಹೆಚ್ಚು, ಆದ್ದರಿಂದ ಒಂದು ಸಲಕ್ಕೆ ಒಂದೇ ಬದಿ, 50 ಮೀಟರ್ ಮಾತ್ರ ತೆರೆಯಬೇಕು; ಗುರುವಾರ ಸಂಜೆಗೆ ಗುಂಡಿ ಮುಚ್ಚಿರಬೇಕು. ಮಾರ್ಚ್‌ನಿಂದ ಮೇ ಮೊದಲ ವಾರದವರೆಗೆ ಹಾಸು ಮತ್ತು ಅಂಚುಕಲ್ಲು. ಮೇ 15ರೊಳಗೆ ಹೂಳುಗುಂಡಿಗಳೆಲ್ಲ ಖಾಲಿಯಾಗಬೇಕು.

ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಪಾಚಿ ಉಜ್ಜುವ ಕೆಲಸ, ಗಡುಸು ಕುಂಚದಿಂದ. ತೊಳೆದ ನೀರು ಹೋಗುವುದು ತೋಡಿಗೆ, ಆದ್ದರಿಂದ ಬ್ಲೀಚಿಂಗ್ ಪುಡಿ ತೀರಾ ಅಗತ್ಯವಿದ್ದ ಕಡೆ ಮಾತ್ರ. ಪ್ರತಿ ಹೂಳುಗುಂಡಿಗೂ ಅಂಚುಕಲ್ಲಿನ ಮೇಲೆ ಸಂಖ್ಯೆ ಬರೆದು, ತೆರೆದ ತಾರೀಖನ್ನು ವಾರ್ಡಿನ ಪುಸ್ತಕದಲ್ಲಿ ದಾಖಲಿಸಬೇಕು. ಜೂನ್‌ನ ಮೊದಲ ದೊಡ್ಡ ಮಳೆಗೆ ಕೊಡೆ ಹಿಡಿದು ಅದೇ 20 ಮೀಟರಿನ ತುಂಡುಗಳಲ್ಲಿ ಮತ್ತೆ ನಿಂತು, ಕೆಳಗಿಳಿಯುವವರನ್ನು ಮತ್ತೆ ಎಣಿಸಬೇಕು. ಗುತ್ತಿಗೆದಾರರ ಕೊನೆಯ ಕಂತನ್ನು ಈ ಎಣಿಕೆ ಆಗುವವರೆಗೆ ತಡೆಹಿಡಿಯುವ ಷರತ್ತು ಒಪ್ಪಂದದಲ್ಲೇ ಇರಬೇಕು.